ಉಣ್ಣೆ ಬಟ್ಟೆಗಳನ್ನು ಎಂಟು ತಿಂಗಳು ಪೆಟ್ಟಿಗೆಯಲ್ಲಿ ಇಡಬೇಕಿದೆ. ನುಸಿ ಹಿಡಿಯದಿರಲು ಡಾಂಬರು ಗುಳಿಗೆ ಒಳ್ಳೆಯದೋ, ಸೀಡರ್ ಮರದ ತುಂಡೋ?

ಎರಡೂ ಅಲ್ಲ. ಐದು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆಯನ್ನು ಕಂಡಕಂಡವರಿಗೆಲ್ಲ ಕೇಳಿಕೊಂಡು ತಿರುಗಿದ್ದೆ. ಒಬ್ಬರು ಗುಳಿಗೆ ಎಂದರು, ಇನ್ನೊಬ್ಬರು ಸೀಡರ್ ಎಂದರು. ಯಾರ ಮಾತನ್ನೂ ತೆಗೆದುಹಾಕುವುದು ಬೇಡವೆಂದು ಎರಡನ್ನೂ ತಂದೆ. ಎಂಟು ತಿಂಗಳ ನಂತರ ಪೆಟ್ಟಿಗೆ ತೆರೆದಾಗ ಮೂಗಿಗೆ ಅಡರುವ ವಾಸನೆಯೂ ಇತ್ತು, ಹುಳುವೂ ಇತ್ತು.

ಆ ವರ್ಷ ಚಳಿ ಮುಗಿದೊಡನೆ ನಾನು ಎಲ್ಲವನ್ನೂ ಕ್ರಮವಾಗಿಯೇ ಮಾಡಿದ್ದೆ. ಮೂರು ಸ್ವೆಟರ್, ಎರಡು ಶಾಲು, ದೊಡ್ಡಮ್ಮ ಕೈಯಾರೆ ಹೆಣೆದುಕೊಟ್ಟಿದ್ದ ಒಂದು ನೀಲಿ ಕಾರ್ಡಿಗನ್. ಒಂದೊಂದನ್ನೂ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಹಿಂಡದೆ, ಟವೆಲಿನಲ್ಲಿ ಸುತ್ತಿ ನೀರು ಒತ್ತಿ ತೆಗೆದು, ಮಂಚದ ಮೇಲೆ ಹಾಸಿ ಒಣಗಿಸಿದ್ದೆ. ನಾಲ್ಕು ದಿನ ಮಂಚದ ಮೇಲೆ ಮಲಗಲು ಜಾಗವಿರಲಿಲ್ಲ. ಐದನೆಯ ದಿನ ಎಲ್ಲವನ್ನೂ ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಸೀಡರ್ ತುಂಡು ನಾಲ್ಕನ್ನು ನಡುನಡುವೆ ಇಟ್ಟು, ಜಿಪ್ ಎಳೆದೆ. ಗುಳಿಗೆಯ ವಾಸನೆ ಬಟ್ಟೆಗೆ ಅಂಟಬಾರದೆಂದು ಅದನ್ನು ಮಾತ್ರ ಚೀಲದ ಹೊರಗೆ, ಪೆಟ್ಟಿಗೆಯ ಮೂಲೆಗಳಲ್ಲಿ ಹಾಕಿದೆ. ಇದು ಎಂಥ ಬುದ್ಧಿವಂತಿಕೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಅಷ್ಟರಲ್ಲಿ ಬಾಗಿಲಿನ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದ್ದ ಮಫ್ಲರ್ ಕಣ್ಣಿಗೆ ಬಿತ್ತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಾನು ಮಾಡಿದ ತಪ್ಪು ಇದೊಂದೇ, ಮತ್ತು ಮಾಡುವಾಗ ಅದು ತಪ್ಪಿನಂತೆ ಕಾಣುವುದೇ ಇಲ್ಲ. ಮಫ್ಲರ್ ಕೊಳೆಯಾಗಿರಲಿಲ್ಲ. ಆ ಚಳಿಗಾಲದಲ್ಲಿ ಹೆಚ್ಚೆಂದರೆ ಆರು ಸಲ ಹಾಕಿಕೊಂಡಿದ್ದೆ. ಮೂಸಿ ನೋಡಿದೆ, ಏನೂ ವಾಸನೆ ಇರಲಿಲ್ಲ. ಬೆಳಕಿಗೆ ಹಿಡಿದು ನೋಡಿದೆ, ಒಂದು ಕಲೆಯೂ ಇರಲಿಲ್ಲ. ಒಗೆದರೆ ಒಣಗಲು ಎರಡು ದಿನ ಬೇಕು. ಒಂದು ಮಫ್ಲರಿಗಾಗಿ ಮತ್ತೆ ಬಕೆಟ್ ಹಿಡಿಯುವುದೇ ಎಂದುಕೊಂಡು ಜಿಪ್ಪನ್ನು ಒಂದು ಗೇಣು ತೆರೆದು, ಒಳಗೆ ತುರುಕಿ, ಮತ್ತೆ ಎಳೆದೆ. ಮಫ್ಲರ್ ಹೋಗಿ ಕೂತದ್ದು ನೀಲಿ ಕಾರ್ಡಿಗನ್ನಿನ ಕಾಲರ್ ಮೇಲೆ.

ಅದು ಕಣ್ಣಿಗೆ ಮಾತ್ರ ಶುಚಿಯಾಗಿತ್ತು. ಕತ್ತಿಗೆ ಸುತ್ತಿದ ಬಟ್ಟೆಗೆ ಬೆವರು, ತಲೆಯ ಎಣ್ಣೆ, ಚರ್ಮದ ಹೊಟ್ಟು ಅಂಟಿಯೇ ಇರುತ್ತದೆ. ಉಣ್ಣೆ ನುಸಿಯ ಹುಳುವಿಗೆ ಉಣ್ಣೆಯಲ್ಲಿರುವ ಕೆರಾಟಿನ್ ಎಂಬ ಪ್ರೋಟೀನನ್ನು ಅರಗಿಸುವ ಶಕ್ತಿ ಇದೆ, ಆದರೆ ಶುದ್ಧ ಉಣ್ಣೆಯೊಂದನ್ನೇ ತಿಂದು ಅದು ಚೆನ್ನಾಗಿ ಬೆಳೆಯುವುದಿಲ್ಲ. ಉಪ್ಪಿನಂಶ, ಬಿ ಜೀವಸತ್ವಗಳು ಬೇಕು. ಅವು ಸಿಗುವುದು ನಮ್ಮ ಬೆವರಿನಿಂದ, ಊಟದ ಕಲೆಯಿಂದ. ಅದಕ್ಕೇ ಹುಳು ತಿಂದ ಸ್ವೆಟರನ್ನು ನೋಡಿದರೆ ತೂತುಗಳು ಕಾಲರ್, ಕಂಕುಳು, ತೋಳಿನ ಅಂಚುಗಳಲ್ಲಿ ಗುಂಪುಗೂಡಿರುತ್ತವೆ.

ಜೊತೆಗೆ ಆ ಮಫ್ಲರ್ ತಿಂಗಳುಗಟ್ಟಲೆ ಬಾಗಿಲಿನ ಹಿಂದೆ, ಕತ್ತಲಲ್ಲಿ, ಯಾರೂ ಅಲುಗಿಸದೆ ತೂಗುಬಿದ್ದಿತ್ತು. ನುಸಿ ಮೊಟ್ಟೆಯಿಡಲು ಹುಡುಕುವುದು ಇಂಥ ಜಾಗವನ್ನೇ. ಮೊಟ್ಟೆಯ ಉದ್ದ ಸುಮಾರು ಅರ್ಧ ಮಿಲಿಮೀಟರ್. ನಾನು ಬೆಳಕಿಗೆ ಹಿಡಿದು ನೋಡಿದೆನಲ್ಲ, ಏನು ಕಂಡೀತು? ಕೊನೆಗೆ ಅದನ್ನು ಒಳಗೆ ಹಾಕಿ ಜಿಪ್ ಎಳೆದದ್ದು ಕಳ್ಳನನ್ನು ಮನೆಯೊಳಗೆ ಬಿಟ್ಟು ಹೊರಗಿನಿಂದ ಬೀಗ ಜಡಿದ ಹಾಗಾಯಿತು. ಹೊರಗಿನ ನುಸಿ ಒಳಗೆ ಬರಲಿಲ್ಲ, ನಿಜ. ಒಳಗಿನದಕ್ಕೆ ಮಾತ್ರ ಎಂಟು ತಿಂಗಳ ನೆಮ್ಮದಿ ಸಿಕ್ಕಿತು. ಆ ಮಫ್ಲರನ್ನು ಚೀಲಕ್ಕೆ ಹಾಕದೆ ಅದೇ ಮೊಳೆಗೆ ಬಿಟ್ಟಿದ್ದರೆ ಹೋಗುತ್ತಿದ್ದುದು ಮಫ್ಲರ್ ಒಂದೇ.

ತೆರೆದ ದಿನ ಕಾರ್ಡಿಗನ್ ಎತ್ತಿದಾಗ ಮಡಿಕೆಯಿಂದ ನೀಲಿ ಮರಳಿನಂಥದ್ದು ಉದುರಿತು. ಉಣ್ಣೆಯ ಧೂಳಿರಬೇಕು ಎಂದುಕೊಂಡೆ. ಬೆರಳಲ್ಲಿ ಉಜ್ಜಿದರೆ ಗಟ್ಟಿ ಕಾಳು. ಬಿಳಿ ಶಾಲಿನ ಕೆಳಗೆ ಅದೇ ಕಾಳು ಬಿಳಿಯಾಗಿತ್ತು, ಕಂದು ಸ್ವೆಟರಿನ ಕೆಳಗೆ ಕಂದು. ಅದು ಹುಳುವಿನ ಹಿಕ್ಕೆ. ಹುಳು ಉಣ್ಣೆಯನ್ನು ಅರಗಿಸಿಕೊಳ್ಳುತ್ತದೆ, ಬಣ್ಣವನ್ನು ಅರಗಿಸಿಕೊಳ್ಳುವುದಿಲ್ಲ. ಹೊಲಿಗೆಯ ಉದ್ದಕ್ಕೂ ರೇಷ್ಮೆಯಂಥ ಎಳೆಯ ಸಣ್ಣ ಕೊಳವೆಗಳಿದ್ದವು. ಒಂದನ್ನು ಪಿನ್ನಿನಿಂದ ಬಿಡಿಸಿದಾಗ ಒಳಗಿಂದ ಕೆನೆಬಣ್ಣದ ಮೈ, ಕಂದು ತಲೆಯ ಹುಳು ಹೊರಳಿತು. ಸೀಡರ್ ತುಂಡೊಂದರ ಮೇಲೆಯೇ ಇನ್ನೊಂದು ಹುಳು ನಿರಾಳವಾಗಿ ಗೂಡು ಕಟ್ಟಿಕೊಂಡಿತ್ತು. ಕಾರ್ಡಿಗನ್ನನ್ನು ಕಿಟಕಿಗೆ ಹಿಡಿದೆ. ಕಾಲರ್ ಜರಡಿಯಾಗಿತ್ತು. ಇಷ್ಟಕ್ಕೆಲ್ಲ ಕಾರಣವಾದ ಮಫ್ಲರಿನಲ್ಲಿ ಇದ್ದದ್ದು ಮೂರೇ ತೂತು.

ದೊಡ್ಡಮ್ಮ ಕನ್ನಡಕ ಹಾಕಿಕೊಂಡು, ತೂತಿನೊಳಗೆ ಕಿರುಬೆರಳು ತೂರಿಸಿ ನೋಡಿದರು. "ಒಗೆದು ಇಟ್ಟಿದ್ದೆಯಲ್ಲವೇ?" ಎಂದರು. ಒಗೆದಿದ್ದೆ ದೊಡ್ಡಮ್ಮ ಎಂದೆ. "ಎಲ್ಲವನ್ನೂ?" ಎಂದರು. ನಾನು ಮಾತಾಡಲಿಲ್ಲ. ಬಿಚ್ಚಿ ಮತ್ತೆ ಹೆಣೆಯಬಹುದೇನೋ ಎಂದು ಅವರು ಎಳೆ ಎಳೆಯತೊಡಗಿದರು. ಗೇಣಿಗೊಂದು ಕಡೆ ಕಡಿದು ಬರುತ್ತಿತ್ತು. ಹುಳು ಮೇಲ್ಮೈಯಲ್ಲಿ ತಿಂದದ್ದು ತೂತಾಗಿ ಕಾಣದಿದ್ದರೂ ಎಳೆಯ ಜೀವ ಹೋಗಿತ್ತು. ಸಂಜೆಯವರೆಗೆ ಬಿಚ್ಚಿ, ಹನ್ನೊಂದು ಸಣ್ಣ ಉಂಡೆ ಸುತ್ತಿ ಮೇಜಿನ ಮೇಲಿಟ್ಟು, "ಇದರಲ್ಲಿ ಒಂದು ಕಾಲುಚೀಲವೂ ಆಗುವುದಿಲ್ಲ" ಎಂದು ಎದ್ದುಹೋದರು.

ಈಗ ಗುಳಿಗೆಯ ವಿಷಯ. ನ್ಯಾಫ್ತಲೀನ್ ಗುಳಿಗೆ ವಾಸನೆಯಿಂದ ನುಸಿಯನ್ನು ಹೆದರಿಸಿ ಓಡಿಸುತ್ತದೆ ಎಂದೇ ಬಹಳ ಜನ ತಿಳಿದಿದ್ದಾರೆ. ಅದರ ಆವಿ ಒಂದು ಮಟ್ಟಕ್ಕೆ ದಟ್ಟವಾಗಿ, ವಾರಗಟ್ಟಲೆ ಹಾಗೆಯೇ ನಿಂತರೆ ಮಾತ್ರ ಹುಳು ಸಾಯುತ್ತದೆ. ಅದಕ್ಕೆ ಗಾಳಿ ಆಡದಂತೆ ಮುಚ್ಚಿದ ಜಾಗ ಬೇಕು, ಬಟ್ಟೆಯೂ ಅದೇ ಜಾಗದಲ್ಲಿ ಇರಬೇಕು. ನನ್ನ ಗುಳಿಗೆಗಳು ಪೆಟ್ಟಿಗೆಯಲ್ಲಿದ್ದವು, ಹುಳು ಚೀಲದಲ್ಲಿತ್ತು. ಪೆಟ್ಟಿಗೆಯ ಮುಚ್ಚಳವೋ ಸಡಿಲ. ಗುಳಿಗೆ ಕರಗಿ ನಾನು ಉಸಿರಾಡುವ ಗಾಳಿಗೆ ಸೇರಿತು. ಹಾಗಾದರೆ ಚೀಲದೊಳಗೇ ಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಾಕಬಹುದು, ನಾನಂತೂ ಹಾಕುವುದಿಲ್ಲ. ಆ ವಿಷದ ಆವಿಯಲ್ಲಿ ತಿಂಗಳುಗಟ್ಟಲೆ ನೆನೆದ ಬಟ್ಟೆಯನ್ನು ಮೈಮೇಲೆ ಹಾಕಿಕೊಳ್ಳುವವರು ನಾವೇ ತಾನೇ? ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಿಗೆ ಅಂಥ ಬಟ್ಟೆ, ಹೊದಿಕೆಗಳಿಂದಲೇ ಕೆಂಪು ರಕ್ತಕಣಗಳು ಒಡೆದು ಅಪಾಯವಾಗಬಹುದು. ಯುರೋಪಿಯನ್ ಒಕ್ಕೂಟದಲ್ಲಿ ಈ ಗುಳಿಗೆಯ ಮಾರಾಟ 2008ರಲ್ಲೇ ನಿಂತಿದೆ. ಮನೆಯಲ್ಲಿ ಕೂಸು ಇದ್ದರೆ ಈ ಮಾತನ್ನು ಎರಡು ಸಲ ಓದಿ.

ಸೀಡರ್ ಅಷ್ಟು ಕೆಡುಕಿನದಲ್ಲ, ಅಷ್ಟು ಪ್ರಯೋಜನದ್ದೂ ಅಲ್ಲ. ಹೊಸ ಮರದ ಎಣ್ಣೆ ಆಗತಾನೇ ಹೊರಬಂದ ಎಳೆ ಹುಳುಗಳನ್ನು ಕೊಂದೀತು. ಬಲಿತ ಹುಳುವಿಗೆ ಏನೂ ಆಗುವುದಿಲ್ಲ, ಎಣ್ಣೆ ಆರಿದ ಮೇಲೆ ಅದು ಬರೀ ಕಟ್ಟಿಗೆ. ಲವಂಗ, ಲ್ಯಾವೆಂಡರ್ ಪೊಟ್ಟಣಗಳ ಬಗ್ಗೆ ನನ್ನ ಅಭಿಪ್ರಾಯ ಇಷ್ಟೇ: ಪೆಟ್ಟಿಗೆ ತೆರೆದಾಗ ಘಮಘಮ ಎನ್ನಲಿ ಎಂದಿದ್ದರೆ ಇಡಿ.

ಏನನ್ನು ಹಾಕಿದರೆ ನುಸಿ ದೂರವಿರುತ್ತದೆ ಎಂದು ಕೇಳುವುದೇ ತಪ್ಪು ಎಂದು ನಾನು ಹೇಳುವುದು ಇದಕ್ಕೆ. ಒಳಗೆ ಹೋಗುವ ಬಟ್ಟೆಯ ಜೊತೆ ಏನು ಹೋಗುತ್ತಿದೆ ಎಂಬುದನ್ನು ನೋಡಿಕೊಳ್ಳಿ. ನಾನು ಈಗ ಪ್ರತಿಯೊಂದನ್ನೂ, ಒಂದೇ ದಿನ ಹಾಕಿದ್ದನ್ನೂ, ಒಗೆಯುತ್ತೇನೆ. ಒಗೆಯಲಾಗದ ಕೋಟನ್ನು ಡ್ರೈಕ್ಲೀನಿಂಗಿಗೆ ಕೊಡುತ್ತೇನೆ, ಅದರಲ್ಲಿ ಮೊಟ್ಟೆ, ಹುಳು ಎರಡೂ ಸಾಯುತ್ತವೆ. ಉಗುರುಬೆಚ್ಚಗಿನ ನೀರಿನಲ್ಲಿ ಹಾಗಾಗುತ್ತದೆ ಎಂಬ ಖಾತರಿ ಇಲ್ಲ, ಕುದಿಯುವ ನೀರಿಗೆ ಹಾಕಿದರೆ ಉಣ್ಣೆಯೇ ಉಳಿಯುವುದಿಲ್ಲ. ಅದಕ್ಕೆ ಒಗೆದದ್ದನ್ನು ಪೂರ್ತಿ ಒಣಗಿಸಿ, ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡುತ್ತೇನೆ. ನಡುವೆ ಬಾಗಿಲು ತೆರೆದಿಟ್ಟು ಮರೆತರೆ ಎಣಿಕೆ ಮತ್ತೆ ಮೊದಲಿನಿಂದ. ಹೊರಗೆ ತೆಗೆದ ಕೂಡಲೇ ಚೀಲ ಬಿಚ್ಚಬಾರದು. ಒಂದು ದಿನ ಹಾಗೇ ಬಿಟ್ಟು, ತಣ್ಣನೆಯದೆಲ್ಲ ಹೋದ ಮೇಲೆ ಬಿಚ್ಚಬೇಕು, ಇಲ್ಲದಿದ್ದರೆ ಗಾಳಿಯ ತೇವ ಉಣ್ಣೆಯ ಮೇಲೆ ಕೂತು ಬೂಷ್ಟು ಬರುತ್ತದೆ. ನಮ್ಮ ಫ್ರೀಜರ್ ಚಿಕ್ಕದು, ಮನೆಯ ಉಣ್ಣೆಯೆಲ್ಲ ಸರದಿಯಲ್ಲಿ ಹೋಗಿ ಬರಲು ಎರಡು ತಿಂಗಳು ಹಿಡಿಯುತ್ತದೆ. ಮನೆಯವರ ನಗೆಯನ್ನು ಸಹಿಸಿಕೊಂಡಿದ್ದೇನೆ.

ಚೀಲ ಪಾರದರ್ಶಕವಾಗಿರಲಿ. ತಿಂಗಳಿಗೊಮ್ಮೆ ಬಿಚ್ಚದೆಯೇ ಎತ್ತಿ, ಕೊಡವಿ, ತಳದ ಮೂಲೆ ನೋಡಿ. ಬಟ್ಟೆಯ ಬಣ್ಣದ್ದೇ ಮರಳು ಕಂಡರೆ ಚೀಲ ಸಮೇತ ಫ್ರೀಜರಿಗೆ. ಎಂಟು ತಿಂಗಳು ಮುಟ್ಟದೆ ಇಡುತ್ತೇನೆ ಎಂಬ ನಿಮ್ಮ ಯೋಚನೆಯನ್ನು ಬಿಟ್ಟುಬಿಡಿ. ಕೊನೆಯ ಕ್ಷಣದಲ್ಲಿ ಸಿಗುವ ಟೋಪಿ, ಮಫ್ಲರ್, ಕೈಗವಸುಗಳಿಗೆ ನಾನು ಬೇರೆಯೇ ಒಂದು ಚಿಕ್ಕ ಚೀಲ ಇಟ್ಟಿದ್ದೇನೆ. ಮುಚ್ಚಿದ ಚೀಲದ ಜಿಪ್ ಯಾವ ಕಾರಣಕ್ಕೂ ಮತ್ತೆ ಗೇಣು ತೆರೆಯುವುದಿಲ್ಲ.

ಬೀರುವಿನಲ್ಲಿ ಹಾರುತ್ತಿದ್ದ ಒಂದು ಪತಂಗವನ್ನು ಹೊಡೆದು ಕೊಂದೆ, ಇನ್ನು ಭಯವಿಲ್ಲ ಎಂದೂ ಬರೆದಿದ್ದೀರಿ. ಹಾರುವ ಪತಂಗ ಬಟ್ಟೆ ತಿನ್ನುವುದಿಲ್ಲ, ಅದಕ್ಕೆ ತಿನ್ನಲು ಬಾಯಿಯೇ ಬೆಳೆದಿರುವುದಿಲ್ಲ. ಅದು ತಿನ್ನುವುದನ್ನೆಲ್ಲ ಹುಳುವಾಗಿದ್ದಾಗಲೇ ಮುಗಿಸಿ ಬಂದಿರುತ್ತದೆ. ಹಾರಾಡುವುದು ಹೆಚ್ಚಾಗಿ ಗಂಡು. ಹೆಣ್ಣು ಹಾರುವ ಗೋಜಿಗೆ ಹೆಚ್ಚು ಹೋಗದೆ ಮಡಿಕೆಗಳ ನಡುವೆ ಓಡಾಡಿಕೊಂಡು ನಲವತ್ತು ಐವತ್ತು ಮೊಟ್ಟೆ ಇಡುತ್ತದೆ. ಬೆಚ್ಚಗಿನ ದಿನಗಳಲ್ಲಿ ಆ ಮೊಟ್ಟೆಗಳು ಎರಡು ಮೂರು ತಿಂಗಳಿಗೇ ಪತಂಗವಾಗಬಹುದು. ಚಳಿಯಿದ್ದು ಆಹಾರ ಸಾಲದಿದ್ದರೆ ಹುಳು ಎರಡು ವರ್ಷವಾದರೂ ಹುಳುವಾಗಿಯೇ ಕಾಯುತ್ತದೆ. ಅದಕ್ಕೇ ಪೆಟ್ಟಿಗೆಯ ಮಾತು ಆಮೇಲಾಗಲಿ, ಮೊದಲು ಬೀರುವನ್ನು ಪೂರ್ತಿ ಖಾಲಿ ಮಾಡಿ, ಸಂದುಗೊಂದುಗಳಿಗೆ ವ್ಯಾಕ್ಯೂಮ್ ಹಿಡಿದು, ಅದರ ಚೀಲವನ್ನು ಅಂದೇ ಮನೆಯಿಂದ ಹೊರಗೆ ಹಾಕಿ. ಪತಂಗ ಕಂಡದ್ದು ಯಾವ ಬಟ್ಟೆಯ ಹತ್ತಿರ ಎಂದು ನೀವು ಬರೆದಿಲ್ಲ. ವರ್ಷಗಳಿಂದ ಯಾರೂ ಹೊದೆಯದ ಕಂಬಳಿ ಏನಾದರೂ ತಳದಲ್ಲಿದ್ದರೆ ಅದನ್ನೇ ಮೊದಲು ತೆಗೆದು, ಬಿಳಿ ಹಾಳೆಯ ಮೇಲೆ ಬಿಡಿಸಿ, ಮಡಿಕೆಯ ಒಳಭಾಗವನ್ನು ನೋಡಿ.