ಕಪ್ಪು ಗೆರೆ ಹರಡುವುದು, ಕೆಂಪು ತೇಪೆಯಾಗುವುದು, ಬಳ್ಳಿ ಕೂಡದಿರುವುದು

ಮರದ ಅಚ್ಚಿನಿಂದ ಹತ್ತಿ ಬಟ್ಟೆಯ ಮೇಲೆ ನೈಸರ್ಗಿಕ ಬಣ್ಣ ಒತ್ತುವ ಬಗ್ಗೆ ನೀವು ಕೇಳಿರುವುದು ಮೂರು: ಕಪ್ಪು ಗೆರೆಯ ಸುತ್ತ ಬೂದು ನೆರಳು ಬರುತ್ತಿದೆ, ಮಂಜಿಷ್ಠ ಬೇರಿನ ಕೆಂಪು ತೇಪೆ ತೇಪೆಯಾಗಿದೆ, ಎಂಟು-ಹತ್ತು ಸಲ ಒತ್ತುವಷ್ಟರಲ್ಲಿ ಬಳ್ಳಿಯ ತುದಿ ಒಂದಕ್ಕೊಂದು ಕೂಡುತ್ತಿಲ್ಲ. ಫೋಟೊದಲ್ಲಿ ಕೆತ್ತನೆ ಚೊಕ್ಕವಾಗಿದೆ. ದಯವಿಟ್ಟು ಹೊಸ ಅಚ್ಚು ಮಾಡಿಸಬೇಡಿ. ತಪ್ಪಿರುವುದು ಬಟ್ಟೆಯಲ್ಲಿ, ಬಣ್ಣ-ಅಂಟಿನ ಹದದಲ್ಲಿ, ತೊಳೆಯುವುದರಲ್ಲಿ ಮತ್ತು ಜೋಡಣೆಯಲ್ಲಿ.

ಮೊದಲು ಬಟ್ಟೆ. ಅಂಗಡಿಯಿಂದ ತಂದ ಹತ್ತಿ ಬಟ್ಟೆಯಲ್ಲಿ ಗಂಜಿಯೂ ಮೇಣವೂ ಇರುತ್ತವೆ, ಬರೀ ನೀರಿಗೆ ಅವು ಹೋಗುವುದಿಲ್ಲ. 1 ಕಿಲೋ ಬಟ್ಟೆಗೆ 30 ಗ್ರಾಂ ವಾಷಿಂಗ್ ಸೋಡಾ, ಸ್ವಲ್ಪ ಸೋಪು ಹಾಕಿ ಒಂದು ಗಂಟೆ ಕುದಿಸಿ. ಒಣಗಿದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ: ಬಿದ್ದ ಕೂಡಲೇ ಇಂಗಬೇಕು. ಒಂದು ಕ್ಷಣ ಮಣಿಯಂತೆ ನಿಂತರೂ ಮತ್ತೆ ಕುದಿಸಿ. ಕೆಂಪು ತೇಪೆಗೆ ಮೊದಲ ಕಾರಣ ಇಲ್ಲೇ ಇದೆ.

ಆಮೇಲೆ ಅಳಲೆಕಾಯಿ, ಕಪ್ಪು ಹುಟ್ಟಿಸುವ ಟ್ಯಾನಿನ್ (ಒಗರಿನ ಅಂಶ) ಇರುವುದು ಇದರಲ್ಲೇ. 1 ಕಿಲೋ ಬಟ್ಟೆಗೆ 200 ಗ್ರಾಂ ಪುಡಿ, ರಾತ್ರಿ ನೆನೆಸಿ ಸೋಸಿ. ಬಟ್ಟೆ ಅದರಲ್ಲಿ ಪೂರ್ತಿ ಮುಳುಗಬೇಕು. ಹಿಂಡಿ, ತೊಳೆಯದೆ, ಬಿಸಿಲಲ್ಲಿ ಮಟ್ಟಸವಾಗಿ ಹರಡಿ ಒಣಗಿಸಿ. ಹಗ್ಗದ ಮೇಲೆ ನೇತುಹಾಕಿದರೆ ಅಳಲೆರಸವೆಲ್ಲ ಕೆಳಗಿನ ಅಂಚಿಗೆ ಇಳಿಯುತ್ತದೆ, ಅಲ್ಲಿ ಕಪ್ಪು ಗಾಢ, ಮೇಲೆ ತೆಳು. ಆಂಧ್ರದಲ್ಲಿ ಬಟ್ಟೆಗೆ ಕಲಂಕಾರಿ ಚಿತ್ತಾರ ಮಾಡುವವರು ಅಳಲೆಗೆ ಎಮ್ಮೆಯ ಹಾಲು ಬೆರೆಸುವುದು ಸುಮ್ಮನೆ ಅಲ್ಲ. ಹಾಲಿನ ಜಿಡ್ಡು ನೂಲಿನಲ್ಲಿ ಕೂತು ಗೆರೆ ಹರಡದಂತೆ ತಡೆಯುತ್ತದೆ. ನಿಮ್ಮ ಅಚ್ಚಿನ ಗೆರೆ ಅಷ್ಟು ಸಣ್ಣದಿರುವುದರಿಂದ ನೀವೂ ಹಾಕಿ ನೋಡಬೇಕು. ಒಣಗುವುದು ಮಾತ್ರ ತಡವಾಗಬಾರದು, ಹಾಲು ಹುಳಿ ವಾಸನೆ ಹಿಡಿಯುತ್ತದೆ.

ಕಪ್ಪಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ತುಕ್ಕು ಹಿಡಿದ ಕಬ್ಬಿಣ ಸುಮಾರು 2 ಕಿಲೋ, ಬೆಲ್ಲ 1 ಕಿಲೋ, ನೀರು 10 ಲೀಟರ್, ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಯಲ್ಲಿ ಎರಡು-ಮೂರು ವಾರ. ನೊರೆ ಏಳುವುದು ನಿಂತ ಮೇಲೆ ಸೋಸಿ. ಕಲಂಕಾರಿಯವರು ಕಸಿಮಿ ಎನ್ನುವ ಕಬ್ಬಿಣದ ನೀರು ಇದೇ. ಒತ್ತಿದ ಗಳಿಗೆಯಲ್ಲಿ ಗೆರೆ ಮಾಸಲು ಬೂದಿಯಾಗಿ ಕಾಣುತ್ತದೆ. ನೋಡುತ್ತಿದ್ದಂತೆಯೇ ಅಳಲೆಯಿಂದ ಹಳದಿಯಾದ ಬಟ್ಟೆಯ ಮೇಲೆ ಅದು ಕಪ್ಪಾಗುತ್ತ ಹೋಗುತ್ತದೆ. ಕಬ್ಬಿಣವೂ ಅಳಲೆಯ ಟ್ಯಾನಿನ್ನೂ ಸೇರಿ ನೂಲಿನೊಳಗೇ ಕಪ್ಪು ಹುಟ್ಟುವುದು ಹೀಗೆ. ಗೆರೆಯ ಜಾಗದಲ್ಲಿರುವ ಟ್ಯಾನಿನ್ ಹಿಡಿಯುವುದಕ್ಕಿಂತ ಹೆಚ್ಚು ಕಬ್ಬಿಣ ಬಿದ್ದರೆ ಉಳಿದದ್ದು ಪಕ್ಕಕ್ಕೆ ಹರಿಯುತ್ತದೆ. ನಿಮ್ಮ ಬೂದು ನೆರಳು ಅದೇ. ಆದ್ದರಿಂದ ಕಪ್ಪು ಸಾಲದು ಅನಿಸಿದರೆ ಅಳಲೆಯನ್ನು ಹೆಚ್ಚಿಸಿ, ಕಬ್ಬಿಣವನ್ನಲ್ಲ. ಹೆಚ್ಚಾದ ಕಬ್ಬಿಣ ಹತ್ತಿಯನ್ನು ತಿನ್ನುತ್ತದೆ, ಕೆಲವು ವರ್ಷಕ್ಕೆ ಗೆರೆ ಇದ್ದಲ್ಲೇ ಬಟ್ಟೆ ಹರಿಯುತ್ತದೆ.

ಅಂಟಿಗೆ ಹುಣಸೆಬೀಜದ ಪುಡಿಯನ್ನು ನೀರಲ್ಲಿ ಬೇಯಿಸಿ, ಆರಿದ ಮೇಲೆ ಕಸಿಮಿಗೆ ಬೆರೆಸಿ, ತೆಳುಬಟ್ಟೆಯಲ್ಲಿ ಸೋಸಿ. ಮಜ್ಜಿಗೆಗಿಂತ ಗಟ್ಟಿ, ದೋಸೆ ಹಿಟ್ಟಿಗಿಂತ ತೆಳು ಇರಲಿ. ಆ ದಿನಕ್ಕೆ ಬೇಕಾದಷ್ಟೇ ಕಲಸಿ, ಹುಳಿತ ಅಂಟು ನೀರಾಗುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಗೆರೆ ಸಂಜೆ ಹರಡಿತೆಂದರೆ ಮೊದಲು ಅಂಟು ನೋಡಿ.

ಬಣ್ಣದ ತಟ್ಟೆಯ ಮೆತ್ತೆಯ ಮೇಲೆ ದ್ರವ ಮಿನುಗುತ್ತ ನಿಲ್ಲಬಾರದು. ಬೆರಳಿಂದ ಒತ್ತಿದಾಗಷ್ಟೇ ಒಸರಬೇಕು. ಅಚ್ಚನ್ನು ಆ ಮೆತ್ತೆಗೆ ಎರಡು ಸಲ ಮೆಲ್ಲಗೆ ತಟ್ಟಿ, ಎರಡನೇ ಸಲ ಸ್ವಲ್ಪ ತಿರುಗಿಸಿ ತಟ್ಟಿದರೆ ಬಣ್ಣ ಸಮವಾಗಿ ಹತ್ತುತ್ತದೆ. ಕೆತ್ತನೆಯ ಸಂದಿ ತುಂಬಿದ್ದರೆ ಹಲ್ಲುಜ್ಜುವ ಬ್ರಷ್ ಸಾಕು, ಸೂಜಿ ಹಾಕಿ ಮರ ಕೀಳಬೇಡಿ.

ಕೆಂಪಿಗೆ 1 ಲೀಟರ್ ನೀರಿಗೆ 100 ಗ್ರಾಂ ಪಟಿಕ, 15 ಗ್ರಾಂ ಗೌರ್ ಗಮ್ (ಗೋರಿಕಾಯಿ ಬೀಜದ ಅಂಟು). ಪಟಿಕ ಒತ್ತಿದಲ್ಲೇ ಮಂಜಿಷ್ಠದ ಕೆಂಪು ಹಿಡಿಯುತ್ತದೆ. ಪಟಿಕಕ್ಕೆ ಬಣ್ಣವಿಲ್ಲ, ಒತ್ತಿದ್ದು ಕಾಣಲೆಂದು ಒಂದು ಚಿಟಿಕೆ ಕೆಮ್ಮಣ್ಣು ಬೆರೆಸುತ್ತಾರೆ. ಒತ್ತಿದ ಮೇಲೆ ಮೂರು ದಿನ ಬಿಡಿ. ಅವಸರ ಮಾಡಿದರೆ ಪಟಿಕ ನೂಲಿಗೆ ಕೂರದೆ ತೊಳೆದಾಗ ಹೋಗುತ್ತದೆ. ತೊಳೆಯುವಾಗ ತುಂಬ ನೀರು ಬೇಕು, ಬಟ್ಟೆ ಆಡುತ್ತಲೇ ಇರಬೇಕು. ಬಕೆಟ್ಟಿನಲ್ಲಿ ಮಡಿಸಿಟ್ಟರೆ ಬಿಟ್ಟ ಪಟಿಕ ಪಕ್ಕದ ಮಡಿಕೆಗೆ ಹತ್ತುತ್ತದೆ. ನಿಮ್ಮ ಫೋಟೊದಲ್ಲಿ ಹೂವಿನ ಕನ್ನಡಿ ಬಿಂಬದಂತೆ ಕಾಣುವ ಗುಲಾಬಿ ಕಲೆ ಹಾಗೆ ಬಂದದ್ದೇ.

ತೊಳೆದ ಬಟ್ಟೆಯನ್ನು ಮಂಜಿಷ್ಠದಲ್ಲಿ ಬೇಯಿಸಲು ಸ್ಟೀಲ್ ಅಥವಾ ತಾಮ್ರದ ಪಾತ್ರೆ. ಕಬ್ಬಿಣದ ಪಾತ್ರೆ, ಕಬ್ಬಿಣದ ಅಂಶವಿರುವ ಬೋರ್‌ವೆಲ್ ನೀರು ಎರಡೂ ಕೆಂಪನ್ನು ಕಂದು ಮಾಡುತ್ತವೆ. 1 ಕಿಲೋ ಬಟ್ಟೆಗೆ 400 ಗ್ರಾಂ ಮಂಜಿಷ್ಠ, ಜೊತೆಗೆ ಒಂದು ಹಿಡಿ ಧಾತಕಿ ಹೂ. ಉಗುರು ಬೆಚ್ಚಗಿನ ನೀರಿನಲ್ಲಿ ಬಟ್ಟೆ ಇಳಿಸಿ, ಒಂದು ಗಂಟೆಯಲ್ಲಿ ನಿಧಾನಕ್ಕೆ 70 ಡಿಗ್ರಿಗೆ ಏರಿಸಿ, ಅರ್ಧ ಗಂಟೆ ಅಲ್ಲೇ ಹಿಡಿಯಿರಿ. ಕೋಲು ಕೈಬಿಡಬೇಡಿ.

ಇನ್ನು ಜೋಡಣೆ. 15 ಸೆಂಟಿಮೀಟರಿನ ಅಚ್ಚು ಸಲಕ್ಕೆ ಒಂದೇ ಮಿಲಿಮೀಟರ್ ಜಾರಿದರೂ ಒಂದೂವರೆ ಮೀಟರಿಗೆ ಒಂದು ಸೆಂಟಿಮೀಟರ್ ತಪ್ಪುತ್ತದೆ. ಹಾಗಾಗಿ ಹಿಂದಿನ ಗುರುತನ್ನಷ್ಟೇ ನಂಬಬೇಡಿ. ಬಟ್ಟೆಯನ್ನು ನೂಲಿನ ನೇರಕ್ಕೆ ಪಿನ್ ಹೊಡೆದು, ನಾಲ್ಕು ಅಚ್ಚಿಗೊಂದರಂತೆ ಸೀಮೆಸುಣ್ಣದ ದಾರದಿಂದ ಅಡ್ಡಗೆರೆ ಎಳೆಯಿರಿ, ತಪ್ಪು ಅಲ್ಲಿಗೇ ನಿಲ್ಲುತ್ತದೆ. ಬಟ್ಟೆ ಎಳೆದು ಬಿಗಿದರೆ ಪಿನ್ ತೆಗೆದಾಗ ಸಾಲೆಲ್ಲ ಸೊಟ್ಟಗಾಗುತ್ತದೆ.

ಇನ್ನೊಂದು: ಅದೇ ಅಚ್ಚನ್ನು ಹಳೆಯ ಪೇಪರಿನ ಮೇಲೆ ನಾಲ್ಕು ಸಾಲು ಒತ್ತಿ, ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ಹಿಂದೆ ನಿಂತು ಕಣ್ಣು ಕಿರಿದು ಮಾಡಿ ನೋಡಿ. ಹೂಗಳ ನಡುವೆ ಬಿಳಿ ಕಾಲುವೆ ಓಡುತ್ತಿದೆ ಅನಿಸಿದರೆ ಎರಡನೇ ಸಾಲನ್ನು ಅರ್ಧ ಅಚ್ಚು ಪಕ್ಕಕ್ಕೆ ಸರಿಸಿ ಒತ್ತಿ. ನಿಮ್ಮ ಬಳ್ಳಿಯ ಬಾಗು ಅದಕ್ಕೆ ಒಪ್ಪುತ್ತದೆಯೋ ಇಲ್ಲವೋ ಪೇಪರಿನ ಮೇಲೇ ಗೊತ್ತಾಗುತ್ತದೆ. ಒಪ್ಪದಿದ್ದರೆ ಖಾಲಿ ಜಾಗಕ್ಕೆ ಒಂದು ಚಿಕ್ಕ ಚುಕ್ಕಿಯ ಅಚ್ಚು ಸಾಕು.