ಹಾರ್ಡ್ ಡಿಸ್ಕ್ ಸದ್ದು ಮಾಡುತ್ತಿದ್ದರೆ ಮೊದಲು ಏನು ಮಾಡಬೇಕು?

ಸರ್, ನೀವು ಕೇಳಿರುವುದು ಇಷ್ಟು: ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಆಗಾಗ ಟಿಕ್ ಟಿಕ್ ಅನ್ನುತ್ತಿದೆ, ಫೋಟೊಗಳನ್ನೆಲ್ಲ ಹೊಸ ಎಕ್ಸ್‌ಟರ್ನಲ್ ಡಿಸ್ಕಿಗೆ ಮೂವ್ ಮಾಡಿಬಿಡಲಾ, ಇಲ್ಲಾ ಗೂಗಲ್ ಡ್ರೈವ್ ಒಂದೇ ಸಾಕಾ? ಈ ಚರ್ಚೆಯಲ್ಲಿ ಒಬ್ಬರು ಚೆಕ್‌ಡಿಸ್ಕ್ (ಡಿಸ್ಕ್ ಪರೀಕ್ಷಿಸುವ ವಿಂಡೋಸ್ ಸಾಧನ) ಓಡಿಸಿ ನೋಡಿ ಅಂದಿದ್ದಾರೆ. ದಯವಿಟ್ಟು ಈಗ ಅದನ್ನು ಮಾಡಬೇಡಿ. ಅದು ಕೆಟ್ಟ ಸೆಕ್ಟರ್ (ಓದಲಾಗದ ಜಾಗ) ಹುಡುಕುತ್ತಾ ಇಡೀ ಡಿಸ್ಕನ್ನು ಓದುತ್ತದೆ, ರಿಪೇರಿ ಅಂತ ಅದೇ ಡಿಸ್ಕಿನ ಮೇಲೆ ಬರೆಯುತ್ತದೆ. ಸಾಯುತ್ತಿರುವ ಡಿಸ್ಕಿಗೆ ಗಂಟೆಗಟ್ಟಲೆ ಆ ಕೆಲಸ ಕೊಟ್ಟರೆ ಮಧ್ಯದಲ್ಲೇ ನಿಂತುಹೋಗಬಹುದು. ಅದು ಸರಿಪಡಿಸುವುದು ಫೈಲ್ ಸಿಸ್ಟಮ್ಮನ್ನು, ಅಂದರೆ ಯಾವ ಫೈಲ್ ಎಲ್ಲಿದೆ ಅನ್ನುವ ಲೆಕ್ಕವನ್ನು, ನಿಮ್ಮ ಫೋಟೊಗಳನ್ನಲ್ಲ.

ಮೊದಲು ಕಾಪಿ ಮಾಡಿ. ಅದಕ್ಕೂ ಒಂದು ಕ್ರಮ ಇರಲಿ. ಮತ್ತೆ ಎಲ್ಲೂ ಸಿಗದ, ಗಾತ್ರದಲ್ಲೂ ಸಣ್ಣದಿರುವ ಫೈಲುಗಳು ಮೊದಲು: ಮನೆಯವರ ಫೋಟೊ, ಕಾಗದಪತ್ರಗಳ ಸ್ಕ್ಯಾನ್, ಲೈಟ್‌ರೂಮ್ ಕ್ಯಾಟಲಾಗ್ (ಫೋಟೊ ಎಡಿಟ್‌ಗಳ ದಾಖಲೆ). ಆಮೇಲೆ ರಾ ಫೈಲುಗಳು, ಅಂದರೆ ಕ್ಯಾಮೆರಾ ಕೊಡುವ ದೊಡ್ಡ ಮೂಲ ಫೈಲುಗಳು. ಸಿನಿಮಾ, ಸಾಫ್ಟ್‌ವೇರ್ ಕೊನೆಗೆ, ಸಿಕ್ಕರೆ ಸಿಗಲಿ. ಯಾವುದಾದರೂ ಫೋಲ್ಡರ್ ಸಿಕ್ಕಿಹಾಕಿಕೊಂಡರೆ ಅಲ್ಲೇ ಹಟ ಹಿಡಿಯಬೇಡಿ, ಬಿಟ್ಟು ಮುಂದಿನದಕ್ಕೆ ಹೋಗಿ. ಸದ್ದು ನಿರಂತರವಾಗಿದ್ದರೆ ಅಥವಾ ಡಿಸ್ಕೇ ಕಾಣಿಸದಿದ್ದರೆ ಕೂಡಲೇ ಆಫ್ ಮಾಡಿ. ಒಳಗೆ ಓದುವ ಹೆಡ್ ಕೆಟ್ಟಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ಅದು ಡೇಟಾ ಇರುವ ತಟ್ಟೆಯನ್ನು ಗೀರುವ ಸಾಧ್ಯತೆ ಇದೆ. ಆಗ ಡೇಟಾ ರಿಕವರಿಯವರ ಹತ್ತಿರ ಹೋಗುವುದೇ ದಾರಿ. ಫ್ರೀಜರಿನಲ್ಲಿ ಇಡುವ ಸಲಹೆಗಳನ್ನು ನಂಬಬೇಡಿ, ಒಳಗೆ ತೇವ ಕೂತು ಇದ್ದದ್ದೂ ಹೋಗುತ್ತದೆ.

ಇನ್ನು ಮೂವ್ ಮಾಡುವ ವಿಷಯ. ಲ್ಯಾಪ್‌ಟಾಪಿನಿಂದ ತೆಗೆದು ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿದರೆ ಆಗಲೂ ನಿಮ್ಮ ಹತ್ತಿರ ಇರುವುದು ಒಂದೇ ಪ್ರತಿ, ಅಲ್ವಾ? ಅದೂ ಕೈಜಾರಿ ಬೀಳಬಹುದಾದ ಡಿಸ್ಕಿನಲ್ಲಿ. ಜಾಗ ಖಾಲಿ ಮಾಡಲೇಬೇಕಿದ್ದರೆ ಎರಡು ಡಿಸ್ಕ್ ತೆಗೆದುಕೊಳ್ಳಿ. ಎರಡರಲ್ಲೂ ಕಾಪಿ ಆಗಿ, ಅಲ್ಲಲ್ಲಿ ಕೆಲವು ಫೋಟೊ ತೆರೆದು ನೋಡಿದ ಮೇಲೆ ಅಳಿಸಿ. ಮೆಮೊರಿ ಕಾರ್ಡಿಗೂ ಇದೇ ಮಾತು, ಎರಡು ಕಡೆ ಇಳಿಸುವ ತನಕ ಫಾರ್ಮ್ಯಾಟ್ ಮಾಡಬೇಡಿ.

ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ನಿಮ್ಮ ಫೋಲ್ಡರಿಗೆ ಹಿಡಿದ ಕನ್ನಡಿ ಇದ್ದ ಹಾಗೆ. ಸಿಂಕ್ ಆಗುವ ಫೋಲ್ಡರಿನಲ್ಲಿ ನೀವು ಅಳಿಸಿದರೆ ಅಲ್ಲೂ ಅಳಿಯುತ್ತದೆ. ಕ್ರಾಪ್ ಮಾಡಿದ ಫೋಟೊವನ್ನು ಮೂಲದ ಮೇಲೆಯೇ ಸೇವ್ ಮಾಡಿದರೆ ಅಲ್ಲೂ ಕ್ರಾಪ್ ಆದದ್ದೇ ಕೂರುತ್ತದೆ. ರಾನ್ಸಮ್‌ವೇರ್ ಬಂದು ಫೈಲುಗಳಿಗೆ ಬೀಗ ಹಾಕಿದರೆ ಆ ಬೀಗ ಬಿದ್ದ ಫೈಲುಗಳೇ ಮೇಲೇರುತ್ತವೆ. ಗೂಗಲ್ ಡ್ರೈವಿನ ಕಸದಬುಟ್ಟಿಯಲ್ಲಿ ಅಳಿಸಿದ ಫೈಲ್ 30 ದಿನ ಇರುತ್ತದೆ, ಆಮೇಲೆ ಇಲ್ಲ. ಮೂರು ತಿಂಗಳ ಹಿಂದೆ ತಪ್ಪಿ ಅಳಿಸಿದ ಫೋಲ್ಡರ್ ಇವತ್ತು ನೆನಪಾದರೆ ಅದು ಸಿಗುವುದಿಲ್ಲ. ಉಚಿತವಾಗಿ ಸಿಗುವ 15 ಜಿಬಿಯಲ್ಲಿ ಜಿಮೇಲ್, ಗೂಗಲ್ ಫೋಟೋಸ್ ಎಲ್ಲಕ್ಕೂ ಪಾಲಿದೆ. ಒಂದು ರಾ ಫೈಲ್ 30 ಎಂಬಿ ಅಂದುಕೊಂಡರೂ ಹೆಚ್ಚೆಂದರೆ 500 ಫೋಟೊ. ಫೋಟೊ ತೆಗೆಯುವ ನಾವು ಹಕ್ಕಿ ಹಿಂದೆ ಹೋದರೆ ಒಂದೇ ಬೆಳಗ್ಗೆ ಮುಗಿಸಿಬಿಡುತ್ತೇವೆ! ಗೂಗಲ್ ಫೋಟೋಸಿನಲ್ಲಿ ಸ್ಟೋರೇಜ್ ಸೇವರ್ ಆಯ್ಕೆ ಇದ್ದರೆ 16 ಮೆಗಾಪಿಕ್ಸೆಲ್‌ಗಿಂತ ದೊಡ್ಡ ಫೋಟೊಗಳನ್ನು ಕುಗ್ಗಿಸಿ ಇಡುತ್ತದೆ. ಹಾಗಂತ ಕ್ಲೌಡ್ ಬೇಡ ಅಂತಲ್ಲ. ಮನೆಗೆ ಬೆಂಕಿ ಬಿದ್ದರೆ, ಕಳ್ಳತನವಾದರೆ ಉಳಿಯುವುದು ಅದೇ. ಅದನ್ನೊಂದೇ ನಂಬಬೇಡಿ, ಅಷ್ಟೆ.

3-2-1 ಅನ್ನುವ ನಿಯಮ ನೀವು ಕೇಳಿರಬಹುದು: ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ. ಇದನ್ನು ಜನಪ್ರಿಯ ಮಾಡಿದ ಪೀಟರ್ ಕ್ರೋಗ್ ಕೂಡ ಛಾಯಾಗ್ರಾಹಕರೇ. ನಿಯಮ ಒಳ್ಳೆಯದು. ಆದರೆ ನನ್ನ ಅಭಿಪ್ರಾಯದಲ್ಲಿ ಲೆಕ್ಕಕ್ಕಿಂತ ಎರಡು ವಿಷಯ ಮುಖ್ಯ. ಒಂದು ಡಿಸ್ಕ್ ಯಾವಾಗಲೂ ಕಂಪ್ಯೂಟರಿನಿಂದ ಕಳಚಿ ಇಟ್ಟಿರಬೇಕು, ಮತ್ತೆ ಹಳೆಯ ಆವೃತ್ತಿಗಳು ಉಳಿದಿರಬೇಕು. ಫೈಲುಗಳಿಗೆ ಡಿಸ್ಕ್ ಎಷ್ಟು ಅಪಾಯವೋ ನಮ್ಮ ಕೈಯೂ ಅಷ್ಟೇ ಅಪಾಯ. ಮೂರು ಪ್ರತಿಯನ್ನೂ ಸದಾ ಜೋಡಿಸಿಟ್ಟಿದ್ದರೆ ಒಂದು ತಪ್ಪು ಕ್ಲಿಕ್ ಅಥವಾ ಒಂದು ವೈರಸ್ ಮೂರನ್ನೂ ತಿಂದುಹಾಕಬಹುದು.

ವಿಂಡೋಸಿನಲ್ಲಿ ಫೈಲ್ ಹಿಸ್ಟರಿ ಇದೆ. ಡಿಸ್ಕ್ ಜೋಡಿಸಿದ್ದರೆ ಗಂಟೆಗೊಮ್ಮೆ ಬದಲಾದ ಫೈಲುಗಳನ್ನು ಎತ್ತಿಡುತ್ತದೆ, ಹಳೆಯ ಆವೃತ್ತಿಯೂ ಸಿಗುತ್ತದೆ. ಆದರೆ ಅದು ನೋಡುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಥರದ ಫೋಲ್ಡರ್ ಮಾತ್ರ. ಫೋಟೊ ಡಿ ಡ್ರೈವಿನಲ್ಲಿದ್ದರೆ ಆ ಫೋಲ್ಡರನ್ನು ಲೈಬ್ರರಿಗೆ ಸೇರಿಸಲೇಬೇಕು. ಮ್ಯಾಕ್ ಇರುವವರಿಗೆ ಟೈಮ್ ಮಷೀನ್ ಸಾಕು. ಫೋಟೊ ತುಂಬಾ ಇದ್ದರೆ ನಾನು ಫ್ರೀಫೈಲ್‌ಸಿಂಕ್ ಅನ್ನುವ ಪ್ರೋಗ್ರಾಂ ಬಳಸಿ ಅನ್ನುತ್ತೇನೆ. ಉಚಿತ. ಮಿರರ್ ಆರಿಸಿ (ಎಡಗಡೆಯ ಮೂಲ ಇದ್ದ ಹಾಗೇ ಬಲಗಡೆಯ ಬ್ಯಾಕಪ್ ಆಗುತ್ತದೆ), ಅಳಿಸಿದ ಫೈಲುಗಳಿಗೆ ವರ್ಷನಿಂಗ್ (ಹಳೆಯ ಪ್ರತಿ ಎತ್ತಿಡುವುದು) ಅಂತ ಕೊಟ್ಟು ಬೇರೆ ಫೋಲ್ಡರ್ ತೋರಿಸಿ. ಕಂಪೇರ್ ಒತ್ತಿದಾಗ ಏನೇನು ಅಳಿಯುತ್ತದೆ ಅಂತ ಪಟ್ಟಿ ಬರುತ್ತದೆ. ಅದನ್ನು ಓದಿದ ಮೇಲೆ ಸಿಂಕ್ರನೈಸ್ ಒತ್ತಿ. ಎಡ ಬಲ ಅದಲುಬದಲಾದರೆ ಖಾಲಿ ಡಿಸ್ಕಿನ ಪ್ರತಿಯೇ ಮೂಲವಾಗಿಬಿಡುತ್ತದೆ!

ಲೈಟ್‌ರೂಮ್ ಕ್ಲಾಸಿಕ್ ಬಳಸುವವರು ಒಂದು ಗಮನಿಸಿ. ಮುಚ್ಚುವಾಗ ಅದು ಬ್ಯಾಕಪ್ ಮಾಡಲಾ ಅಂತ ಕೇಳುತ್ತದಲ್ಲ, ಅದು ಕ್ಯಾಟಲಾಗಿನದು ಮಾತ್ರ. ಅಂದರೆ ನಿಮ್ಮ ಎಡಿಟ್, ರೇಟಿಂಗ್, ಕೀವರ್ಡ್. ಫೋಟೊ ಅದರಲ್ಲಿ ಇರುವುದೇ ಇಲ್ಲ. ಜಾಗ ಬದಲಿಸದಿದ್ದರೆ ಆ ಬ್ಯಾಕಪ್ ಕೂರುವುದೂ ಕ್ಯಾಟಲಾಗಿನ ಪಕ್ಕದಲ್ಲೇ, ಅದೇ ಡಿಸ್ಕಿನಲ್ಲಿ.

ಹೊಸ ಲ್ಯಾಪ್‌ಟಾಪ್ ಎಸ್‌ಎಸ್‌ಡಿಯದ್ದಾದರೆ (ತಿರುಗುವ ತಟ್ಟೆ ಇಲ್ಲದೆ ಚಿಪ್ಪಿನಲ್ಲಿ ಡೇಟಾ ಇಡುವ ಡಿಸ್ಕ್) ಸದ್ದು ಬರುತ್ತದೆ, ಎಚ್ಚರಿಕೆ ಸಿಗುತ್ತದೆ ಅಂತ ಕಾಯಬೇಡಿ. ಅದು ಸುಮ್ನೆ ಒಂದು ದಿನ ಏಳದೇ ಹೋಗಬಹುದು. ಅಳಿಸಿದ ಜಾಗವನ್ನು ಖಾಲಿ ಮಾಡಿಬಿಡುವ ಟ್ರಿಮ್ ಅನ್ನುವ ವ್ಯವಸ್ಥೆ ಇರುವುದರಿಂದ ಅದರಲ್ಲಿ ಅಳಿಸಿದ್ದನ್ನು ಮತ್ತೆ ಪಡೆಯುವುದೂ ಬಹಳ ಕಷ್ಟ. ವರ್ಷಗಟ್ಟಲೆ ಬೀರುವಿನಲ್ಲಿ ಇಡುವುದಕ್ಕೆ ಹಾರ್ಡ್ ಡಿಸ್ಕೇ ವಾಸಿ, ಏಕೆಂದರೆ ಕರೆಂಟ್ ಕಾಣದೆ ಬಿದ್ದಿರುವ ಎಸ್‌ಎಸ್‌ಡಿಯಲ್ಲಿ ಚಾರ್ಜ್ ನಿಧಾನವಾಗಿ ಸೋರುತ್ತದೆ. ಪೆನ್‌ಡ್ರೈವ್ ಫೈಲ್ ಸಾಗಿಸಲಿಕ್ಕೆ ಮಾತ್ರ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಆನ್ ಆಗಿದ್ದರೆ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಅದಿಲ್ಲದಿದ್ದರೆ ಡಿಸ್ಕ್ ಚೆನ್ನಾಗಿದ್ದರೂ ಒಳಗಿನದು ಸಿಗುವುದಿಲ್ಲ.

ಕೊನೆಗೆ ಹೆಚ್ಚಿನವರು ಬಿಟ್ಟುಬಿಡುವ ಕೆಲಸ: ವಾಪಸ್ ತೆಗೆದು ನೋಡುವುದು. 2017ರ ಜನವರಿಯಲ್ಲಿ ಸಾಫ್ಟ್‌ವೇರ್ ಕೋಡ್ ಇಡುವ ಸೇವೆ ಕೊಡುವ ಗಿಟ್‌ಲ್ಯಾಬ್ ಕಂಪನಿಯ ಇಂಜಿನಿಯರ್ ಒಬ್ಬರು ತಪ್ಪಿ ಡೇಟಾಬೇಸ್ ಅಳಿಸಿದಾಗ, ಅವರ ಐದು ಬಗೆಯ ಬ್ಯಾಕಪ್ ವ್ಯವಸ್ಥೆಯಲ್ಲಿ ಒಂದೂ ನೆಟ್ಟಗಿರಲಿಲ್ಲ. ಆರು ಗಂಟೆ ಹಳೆಯ ಒಂದು ಪ್ರತಿ ಇದ್ದದ್ದರಿಂದ ಬಚಾವಾದರು. ಇಷ್ಟು ದೊಡ್ಡವರಿಗೇ ಹೀಗಾಗಿದೆ. ನೀವು ಆಗಾಗ ಬ್ಯಾಕಪ್ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ, ಹಳೆಯ ಒಂದು ಫೋಲ್ಡರ್ ತೆರೆದು, ಫೋಟೊ ಪೂರ್ತಿ ಗಾತ್ರದಲ್ಲಿ ಕಾಣುತ್ತದಾ ನೋಡಿ.

ಕಾಪಿ ಮುಗಿದ ಮೇಲೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಪ್ರೋಗ್ರಾಂ ಹಾಕಿ ಅದರ ಸ್ಕ್ರೀನ್‌ಶಾಟ್ ಇಲ್ಲಿ ಕಳಿಸಿ. ಹಳದಿಯಲ್ಲಿ ಕಾಶನ್ ಅಂತ ತೋರಿಸಿದರೆ ಡಿಸ್ಕ್ ಬದಲಿಸಿ. ನೀಲಿಯಲ್ಲಿ ಗುಡ್ ಅಂತ ಬಂದರೂ ಈ ಸದ್ದು ಇರುವಾಗ ನಾನು ಅದನ್ನು ನಂಬುವುದಿಲ್ಲ. ಒಟ್ಟು ಎಷ್ಟು ಜಿಬಿ ಫೋಟೊ ಇದೆ ಅಂತಲೂ ಹೇಳಿ, ಯಾವ ಗಾತ್ರದ ಡಿಸ್ಕ್ ಸಾಕು ಅಂತ ನೋಡೋಣ.