ಮೊದಲ ಕಾರಣ ಎಂದರೆ ಎಷ್ಟು ವರ್ಷ ಹಿಂದಿನದು?

ಪ್ರಶ್ನೆ: ಪ್ರತಿಯೊಂದಕ್ಕೂ ಕಾರಣ ಇರಲೇಬೇಕು, ಹಾಗಾಗಿ ದೇವರಿದ್ದಾನೆ ಎಂದು 13ನೇ ಶತಮಾನದ ಕ್ರೈಸ್ತ ತತ್ವಜ್ಞಾನಿ ಸಂತ ಥಾಮಸ್ ಅಕ್ವಿನಾಸ್ ವಾದಿಸಿದರಂತೆ. ಹಾಗಾದರೆ ದೇವರಿಗೆ ಕಾರಣ ಯಾರು? ಇಷ್ಟು ಸಣ್ಣ ಪ್ರಶ್ನೆ ಅವರಿಗೆ ಹೊಳೆಯಲಿಲ್ಲವೆ?

ಉತ್ತರ: 'ಪ್ರತಿಯೊಂದಕ್ಕೂ ಕಾರಣ ಇದೆ' ಎಂಬ ಮಾತೇ ಆ ವಾದದಲ್ಲಿಲ್ಲ. ಇದ್ದಿದ್ದರೆ ನಿಮ್ಮ ಒಂದು ಪ್ರಶ್ನೆಗೇ ಅದು ಬಿದ್ದುಹೋಗುತ್ತಿತ್ತು. ಬ್ರಿಟಿಷ್ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅವರು 1927ರ ಭಾಷಣದಲ್ಲಿ ಮೊದಲ ಕಾರಣದ ವಾದವನ್ನು ಇದೇ ರೂಪದಲ್ಲಿಟ್ಟು ಕೆಡವಿದ್ದರು. ಆ ರೂಪದ ವಾದ ಕೆಡವಲು ಯೋಗ್ಯವಾದದ್ದೇ. ಆದರೆ ಅದು ಅಕ್ವಿನಾಸರದಲ್ಲ.

ಅವರ ವಾದ ಇರುವುದು 'ಸುಮ್ಮಾ ಥಿಯೊಲಾಜಿಯೇ' ಎಂಬ ದೇವತಾಶಾಸ್ತ್ರ ಗ್ರಂಥದಲ್ಲಿ (ಅದರ ಅಧ್ಯಾಯಗಳಿಗೆ 'ಪ್ರಶ್ನೆ', ಅವುಗಳ ಒಳವಿಭಾಗಗಳಿಗೆ 'ಆರ್ಟಿಕಲ್' ಎಂದು ಹೆಸರು), ಮೊದಲ ಭಾಗ, 2ನೇ ಪ್ರಶ್ನೆ, 3ನೇ ಆರ್ಟಿಕಲ್‌ನಲ್ಲಿ. ಅಲ್ಲಿ ದೇವರಿದ್ದಾನೆ ಎಂದು ತೋರಿಸುವ ಐದು 'ದಾರಿ'ಗಳಿವೆ. ಎರಡನೆಯದರ ನಡೆ ಹೀಗೆ: ಲೋಕದಲ್ಲಿ ನಿಮಿತ್ತ ಕಾರಣಗಳ, ಅಂದರೆ ಒಂದನ್ನು ಉಂಟುಮಾಡುವ ಕಾರಣಗಳ, ಸಾಲು ಕಾಣುತ್ತದೆ. ಯಾವುದೂ ತನಗೆ ತಾನೇ ಕಾರಣವಾಗಲಾರದು, ಏಕೆಂದರೆ ಹಾಗಾಗಲು ಅದು ತಾನು ಇರುವುದಕ್ಕಿಂತ ಮುಂಚೆಯೇ ಇರಬೇಕಾಗುತ್ತದೆ. ಈ ಸಾಲು ಕೊನೆಯಿಲ್ಲದೆ ಹಿಂದೆ ಸರಿಯಲಾರದು, ಮೊದಲನೆಯದು ಇಲ್ಲದಿದ್ದರೆ ನಡುವಿನದೂ ಇಲ್ಲ, ಕೊನೆಯದೂ ಇಲ್ಲ. ಆದ್ದರಿಂದ ಮೊದಲ ಕಾರಣವೊಂದಿದೆ. ಗಮನಿಸಿ, ಕಾರಣ ಬೇಕು ಎಂದದ್ದು ಬೇರೆಯದರಿಂದ ಪಡೆದದ್ದಕ್ಕೆ ಮಾತ್ರ. ಪಡೆಯದೆಯೇ ಕೊಡುವಂಥದ್ದು ಒಂದಿದೆ ಎಂಬುದೇ ತೀರ್ಮಾನ. 'ಅದಕ್ಕೆ ಕೊಟ್ಟವರು ಯಾರು?' ಎಂದರೆ ಪ್ರಶ್ನೆಯೇ ತನ್ನನ್ನು ಕಡಿದುಕೊಳ್ಳುತ್ತದೆ.

ಇಲ್ಲಿ ಎಲ್ಲರೂ ಎಡವುವುದು 'ಮೊದಲ' ಎಂಬ ಪದದಲ್ಲಿ. ಕಾಲದಲ್ಲಿ ಮೊದಲು, ಅಂದರೆ ಕೋಟ್ಯಂತರ ವರ್ಷ ಹಿಂದೆ ಯಾರೋ ಬೆರಳಿನಿಂದ ತಳ್ಳಿದ್ದು ಎಂದು ಓದಿಕೊಳ್ಳುತ್ತೇವೆ. ಅಕ್ವಿನಾಸ್ ಎರಡು ಬಗೆಯ ಸಾಲುಗಳನ್ನು ಬೇರೆಬೇರೆ ಇಡುತ್ತಾರೆ.

ಒಂದು, ಅಪ್ಪ, ಅಜ್ಜ, ಮುತ್ತಜ್ಜರ ಸಾಲು. ಮಗ ಹುಟ್ಟಿದ್ದು ಅಪ್ಪನಿಂದ ನಿಜ, ಆದರೆ ಆ ಮಗ ಮುಂದೆ ತಾನೇ ಅಪ್ಪನಾಗುವಾಗ ಅಜ್ಜ ಬದುಕಿರಬೇಕೆಂದೇನಿಲ್ಲ. ಕಮ್ಮಾರನ ಸುತ್ತಿಗೆಗಳೂ ಹಾಗೆಯೇ: ಒಂದು ಮುರಿದರೆ ಇನ್ನೊಂದು, ಅದು ಮುರಿದರೆ ಮತ್ತೊಂದು. ಈ ಸುತ್ತಿಗೆ ಬಡಿಯುವುದಕ್ಕೆ ಹಿಂದಿನ ಸುತ್ತಿಗೆ ಏನೂ ಕೊಡುವುದಿಲ್ಲ. ಇಂಥ ಸಾಲು ಆದಿಯೇ ಇಲ್ಲದೆ ಹಿಂದೆ ಹೋದರೂ ತೊಂದರೆಯಿಲ್ಲ ಎಂದು ಅವರು 46ನೇ ಪ್ರಶ್ನೆಯಲ್ಲಿ ನೇರವಾಗಿ ಒಪ್ಪುತ್ತಾರೆ. ಜಗತ್ತಿಗೆ ಆರಂಭ ಇತ್ತು ಎಂಬುದು ಅವರಿಗೆ ನಂಬಿಕೆಯ ವಿಷಯ. ತರ್ಕದಿಂದ ಅದನ್ನು ಸಾಧಿಸಲು ಹೊರಟು ಸಡಿಲ ವಾದ ಹೂಡಿದರೆ ನಂಬದವರು ನಗುತ್ತಾರೆ ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ಅದೇ ಕಾಲದ ದೇವತಾಶಾಸ್ತ್ರಜ್ಞ ಬೊನಾವೆಂಚರ್ ಅವರು ಇದನ್ನು ಒಪ್ಪಲಿಲ್ಲ, ಆರಂಭವನ್ನು ತರ್ಕದಿಂದಲೇ ತೋರಿಸಬಹುದು ಎಂದರು.

ಇನ್ನೊಂದು, ಕೈ ಕೋಲನ್ನು ತಳ್ಳುತ್ತದೆ, ಕೋಲು ಕಲ್ಲನ್ನು ತಳ್ಳುತ್ತದೆ. ಕೈ ನಿಂತ ಗಳಿಗೆಯಲ್ಲೇ ಕೋಲಿನ ತಳ್ಳುವಿಕೆಯೂ ನಿಂತಿತು. ಕೋಲಿಗೆ ಸ್ವಂತದ್ದೇನೂ ಇಲ್ಲ, ದಾಟಿಸುವುದಷ್ಟೇ ಅದರ ಕೆಲಸ. ಇವತ್ತಿನ ಮನೆಯಲ್ಲಿ ನೋಡಬೇಕೆಂದರೆ ಒಂದು ಎಕ್ಸ್‌ಟೆನ್ಶನ್ ಬೋರ್ಡ್ ತೆಗೆದುಕೊಳ್ಳಿ. ಮಿಕ್ಸಿಯನ್ನು ಅದಕ್ಕೆ ಚುಚ್ಚಿ, ಅದನ್ನು ಇನ್ನೊಂದು ಬೋರ್ಡಿಗೆ, ಅದನ್ನು ಮತ್ತೊಂದಕ್ಕೆ ಚುಚ್ಚಿ. ಹತ್ತು ಬೋರ್ಡ್ ಜೋಡಿಸಿದರೂ ಅಷ್ಟೆ, ಲೆಕ್ಕವಿಲ್ಲದಷ್ಟು ಜೋಡಿಸಿದರೂ ಅಷ್ಟೆ, ಕರೆಂಟ್ ಕೊಡುವಂಥದ್ದು ಒಂದಿಲ್ಲದಿದ್ದರೆ ಚಟ್ನಿ ಆಗುವುದಿಲ್ಲ. ಕೊನೆಯ ಬೋರ್ಡಿನ ಪಿನ್ನನ್ನು ಮೊದಲ ಬೋರ್ಡಿಗೇ ಸುತ್ತಿ ತಂದು ಚುಚ್ಚಿದರೂ ಆಗುವುದಿಲ್ಲ. 'ಮೊದಲ ಕಾರಣ' ಎಂದರೆ ಈ ಅರ್ಥದಲ್ಲಿ ಮೊದಲು: ಈಗ, ಈ ಕ್ಷಣ, ಸಾಲನ್ನು ಹಿಡಿದಿಟ್ಟಿರುವಂಥದ್ದು.

ನಮ್ಮ ಶಾಸ್ತ್ರದ ಮಾತು ಬಲ್ಲವರಿಗೆ ಇದು ತೀರ ಹೊಸದಲ್ಲ. ಬೀಜದಿಂದ ಮೊಳಕೆ, ಮೊಳಕೆಯಿಂದ ಮತ್ತೆ ಬೀಜ ಎಂಬ ಬೀಜಾಂಕುರ ನ್ಯಾಯವನ್ನು ಅನಾದಿ ಎಂದು ಒಪ್ಪುತ್ತಾರೆ, ಮೂಲಕ್ಕೇ ಕೇಡು ತರುವ ಅನವಸ್ಥೆಯನ್ನು (ಕೊನೆಯಿಲ್ಲದೆ ಹಿಂದೆ ಸರಿಯುವುದನ್ನು) ಮಾತ್ರ ದೋಷವೆನ್ನುತ್ತಾರೆ. ಅಕ್ವಿನಾಸರಿಗೆ ಇದರ ಪರಿಚಯವಿತ್ತು ಎಂದು ನಾನು ಹೇಳುತ್ತಿಲ್ಲ. ಗೆರೆ ಎಳೆದ ಜಾಗ ಮಾತ್ರ ಹತ್ತಿರಹತ್ತಿರ ಒಂದೇ.

ಹಾಗೆಂದು ವಾದ ಗೆದ್ದೇಬಿಟ್ಟಿತು ಎಂದಲ್ಲ. ಜಾರುವ ಮಂಜಿನ ಮೇಲೆ ಕಲ್ಲು ಕೈಬಿಟ್ಟ ಮೇಲೂ ಓಡುತ್ತದೆ. ಚಲನೆ ಮುಂದುವರಿಯಲು ತಳ್ಳುತ್ತಲೇ ಇರಬೇಕು ಎಂಬ ಹಳೆಯ ಭೌತಶಾಸ್ತ್ರ ಈಗಿಲ್ಲ. ವಸ್ತುಗಳು ಬರೀ ಓಡಲು ಅಲ್ಲ, ಇರಲೂ ಈ ಕ್ಷಣ ಬೇರೊಂದನ್ನು ಆಶ್ರಯಿಸಿವೆ ಎಂದು ತೋರಿಸಿದರೆ ಮಾತ್ರ ವಾದಕ್ಕೆ ಬಲ. ಗಂಭೀರ ಚರ್ಚೆ ನಡೆಯಬೇಕಾದದ್ದು ಅಲ್ಲಿ.

ಪ್ರಶ್ನೆ: 'ಇರುವುದೆಲ್ಲ ಒಳ್ಳೆಯದೇ' ಎಂದು ಅಕ್ವಿನಾಸ್ ಹೇಳುತ್ತಾರಂತೆ. ಕಳ್ಳನೂ ಇದ್ದಾನೆ, ಕ್ಯಾನ್ಸರ್ ಕೂಡ ಇದೆ. ಇವೂ ಒಳ್ಳೆಯವೆ?

ಉತ್ತರ: ಸುಮ್ಮಾದ 5ನೇ ಪ್ರಶ್ನೆಯ ಮೊದಲ ಆರ್ಟಿಕಲ್ ನೋಡಿ. 'ಇರುವುದು' ಮತ್ತು 'ಒಳ್ಳೆಯದು' ವಸ್ತುತಃ ಒಂದೇ, ಅರ್ಥದಲ್ಲಿ ಬೇರೆ ಎನ್ನುತ್ತಾರೆ. ಒಳ್ಳೆಯದು ಎಂದರೆ ಎಲ್ಲವೂ ಬಯಸುವಂಥದ್ದು, ಇದು ಅರಿಸ್ಟಾಟಲನಿಂದ ಬಂದ ಮಾತು. ಬಯಸುವುದು ಪೂರ್ಣತೆಯನ್ನು, ಪೂರ್ಣವಾಗುವುದು ಇರುವುದರಿಂದ. ನಿಮ್ಮ ಆಕ್ಷೇಪಕ್ಕೆ ಉತ್ತರ ಅದೇ ಆರ್ಟಿಕಲ್‌ನ ಮೊದಲ ಸಮಾಧಾನದಲ್ಲಿದೆ (ಆಕ್ಷೇಪಕ್ಕೆ ಕೊಡುವ ಉತ್ತರವೇ ಸಮಾಧಾನ), ಬಹಳ ಜನ ಅಲ್ಲಿವರೆಗೆ ಓದುವುದೇ ಇಲ್ಲ. ಹುಟ್ಟಿದ ಮಾತ್ರಕ್ಕೆ ಮನುಷ್ಯ 'ಇದ್ದಾನೆ' ಎಂದು ನಿಶ್ಶರ್ತವಾಗಿ ಹೇಳಬಹುದು. 'ಒಳ್ಳೆಯವನು' ಎಂದು ನಿಶ್ಶರ್ತವಾಗಿ ಹೇಳಬೇಕಾದರೆ ಮನುಷ್ಯನಾಗಿ ತಲುಪಬೇಕಾದ ಪೂರ್ಣತೆಯನ್ನು ತಲುಪಿರಬೇಕು. ಮೊಂಡಾದ ಈಳಿಗೆಮಣೆಯೂ ಈಳಿಗೆಮಣೆಯೇ, ಆದರೆ ಒಳ್ಳೆಯ ಈಳಿಗೆಮಣೆಯಲ್ಲ. ಕಳ್ಳ ಇರುವಷ್ಟರ ಮಟ್ಟಿಗೆ ಒಳ್ಳೆಯದು, ಅಷ್ಟಕ್ಕೇ.

ಕೆಡುಕು ಎಂದರೆ ಕೊರತೆ, ಆದರೆ ಎಲ್ಲ ಕೊರತೆಯೂ ಕೆಡುಕಲ್ಲ. ಕಲ್ಲಿಗೆ ಕಣ್ಣಿಲ್ಲದಿರುವುದು ಕೆಡುಕಲ್ಲ, ಮನುಷ್ಯನಿಗೆ ಕಾಣದಿರುವುದು ಕೆಡುಕು, ಏಕೆಂದರೆ ಅಲ್ಲಿ ದೃಷ್ಟಿ ಇರಬೇಕಿತ್ತು. ಬರೀ ಇಲ್ಲದಿರುವುದೇ ಕೆಡುಕಾಗಿದ್ದರೆ, ಜಿಂಕೆಯ ವೇಗ, ಸಿಂಹದ ಬಲ ಇಲ್ಲದ ಮನುಷ್ಯನೂ ಕೆಟ್ಟವನಾಗಬೇಕಿತ್ತು ಎಂದು 48ನೇ ಪ್ರಶ್ನೆಯಲ್ಲಿ ಹೇಳುತ್ತಾರೆ. ಕ್ಯಾನ್ಸರ್‌ನಲ್ಲಿ ಜೀವಕೋಶ ಬೆಳೆಯುತ್ತಿರುವುದು ನಿಜವಾದ ಇರುವಿಕೆಯೇ, ಕೆಟ್ಟುಹೋಗಿರುವುದು ಆ ದೇಹಕ್ಕೆ ಇರಬೇಕಾದ ಹದ. 'ಕೊರತೆ' ಎಂದೊಡನೆ ನಮ್ಮಲ್ಲಿ ಕೆಲವರು 'ಹಾಗಾದರೆ ನೋವೆಲ್ಲ ಮಾಯೆ' ಎಂದುಬಿಡುತ್ತಾರೆ. ಅದು ಬೇರೆ ಮನೆಯ ಮಾತು. ಗೋಡೆಯ ತೂತಿಗೆ ಸ್ವಂತ ಇಟ್ಟಿಗೆ ಇಲ್ಲ, ಆದರೂ ಮಳೆ ಒಳಗೆ ಬರುತ್ತದೆ.

ಪ್ರಶ್ನೆ: 'ಕೆಡುಕು ಇರುವುದರಿಂದ ದೇವರಿಲ್ಲ' ಎಂದು ಅಕ್ವಿನಾಸರೇ ಬರೆದ ಸಾಲೊಂದನ್ನು ಒಬ್ಬರು ತೋರಿಸಿದರು. ನಿಜವೆ?

ಉತ್ತರ: ಸಾಲು ನಿಜ, ಅಭಿಪ್ರಾಯ ಅವರದಲ್ಲ. ಅದು ಪೂರ್ವಪಕ್ಷ, ಅಂದರೆ ಉತ್ತರ ಕೊಡುವ ಮುನ್ನ ಮುಂದಿಡುವ ಎದುರು ವಾದ. ಸುಮ್ಮಾದ ಪ್ರತಿ ಆರ್ಟಿಕಲ್‌ಗೂ ಒಂದೇ ಅಚ್ಚು: 'ಹೀಗೆ ತೋರುತ್ತದೆ' ಎಂದು ಎದುರು ವಾದಗಳು, 'ಆದರೆ ಇದಕ್ಕೆ ವಿರುದ್ಧವಾಗಿ' ಎಂದು ಸಾಮಾನ್ಯವಾಗಿ ಒಂದು ಪ್ರಮಾಣವಾಕ್ಯ, 'ನಾನು ಉತ್ತರಿಸುವುದು' ಎಂದು ಸಿದ್ಧಾಂತ, ಕೊನೆಗೆ ಎದುರು ವಾದಗಳಿಗೆ ಒಂದೊಂದಾಗಿ ಸಮಾಧಾನ. ಓದುವಾಗ ಮೊದಲು ಸಿದ್ಧಾಂತ ಓದಿ, ಆಮೇಲೆ ಮೊದಲ ಆಕ್ಷೇಪವನ್ನು ಮೊದಲ ಸಮಾಧಾನದ ಪಕ್ಕದಲ್ಲಿಟ್ಟು ಓದಿ.

ನಿಮಗೆ ತೋರಿಸಿದ್ದು 2ನೇ ಪ್ರಶ್ನೆ, 3ನೇ ಆರ್ಟಿಕಲ್‌ನ ಮೊದಲ ಆಕ್ಷೇಪ. ಒಂದಕ್ಕೊಂದು ವಿರುದ್ಧವಾದ ಎರಡರಲ್ಲಿ ಒಂದು ಅನಂತವಾಗಿದ್ದರೆ ಇನ್ನೊಂದಕ್ಕೆ ಜಾಗವಿಲ್ಲ, ಕೆಡುಕಿಗೆ ಜಾಗವಿದೆ, ಆದ್ದರಿಂದ ದೇವರಿಲ್ಲ ಎಂಬುದು ಅದರ ಧಾಟಿ. ಸಮಾಧಾನದಲ್ಲಿ ಪ್ರಾಚೀನ ಕ್ರೈಸ್ತ ಚಿಂತಕ ಅಗಸ್ಟೀನರನ್ನು ಕರೆಯುತ್ತಾರೆ: ಕೆಡುಕಿನಿಂದಲೂ ಒಳಿತನ್ನು ತೆಗೆಯುವ ಶಕ್ತಿ ಇಲ್ಲದಿದ್ದರೆ ದೇವರು ಕೆಡುಕಿಗೆ ಎಡೆ ಕೊಡುತ್ತಿರಲಿಲ್ಲ. ನನಗೆ ಇದು ಆಕ್ಷೇಪದಷ್ಟು ಹರಿತವಾಗಿ ಕಾಣುವುದಿಲ್ಲ. ಎದುರಾಳಿಯ ವಾದವನ್ನು ಇಷ್ಟು ಚೊಕ್ಕವಾಗಿ ಬರೆದಿಟ್ಟರೆ ಇಂಥ ಅಪಾಯ ಇದ್ದದ್ದೇ. ಈ ಆರ್ಟಿಕಲ್‌ನಲ್ಲಿ ಅವರು ಕೊಡುವ ಆಕ್ಷೇಪಗಳು ಎರಡೇ. ಎರಡನೆಯದನ್ನೂ ತಪ್ಪದೆ ಓದಿ: ಎಲ್ಲವನ್ನೂ ಪ್ರಕೃತಿ ಮತ್ತು ಮನುಷ್ಯನ ಇಚ್ಛೆಯಿಂದಲೇ ವಿವರಿಸಬಹುದಾದರೆ ದೇವರ ಅಗತ್ಯವೇನು?